ಇಪ್ಪತ್ತು ಕೆ

ಉಣಕಲ್, ಹುಬ್ಬಳ್ಳಿ
೨೦-೭-೨೦೨೫, ರವಿವಾರ

ಪ್ರೀತಿಯ ಅಣ್ಣ ಫಕೀರೇಶನಿಗೆ ತಂಗಿ ಸುಕನ್ಯಾಳ ನಮಸ್ಕಾರ.

'ಪ್ರೀತಿಯ' ಎಂದು ಬರೆದದ್ದು ಕೈಯ ರೂಢಿ. ಹೊಡೆದುಹಾಕೋಣ ಎಂದುಕೊಂಡೆ, ಹಾಳೆ ಹೊಲಸು ಕಾಣುತ್ತದೆ ಎಂದು ಬಿಟ್ಟೆ. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಚಹಾಕ್ಕೆ ಸಕ್ಕರೆ ಬಿಟ್ಟು ಜೊತೆಗೆ ಎರಡು ಪೇಢಾ ತಿನ್ನುವ ನಿನ್ನ ಪಥ್ಯ ಇನ್ನೂ ನಡೆದಿದೆಯೋ? ವೈನಿಯ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ರತ್ನವ್ವ ಹೇಳಿದಳು. ಸಂತೋಷ. ನಿಮ್ಮ ಸುದ್ದಿ ನನಗೆ ಸಿಗುವುದು ಈಗ ಪಕ್ಕದ ಮನೆಯ ರತ್ನವ್ವನಿಂದಲೇ. ರವಿವಾರಕ್ಕೊಮ್ಮೆ ನೀನು ಅವಳ ಫೋನಿಗೆ ಮಾಡುತ್ತೀ, ಅವಳು ಓಡಿ ಬಂದು ಅವ್ವನ ಕಿವಿಗೆ ಹಿಡಿಯುತ್ತಾಳೆ, ನಾನು ಒಲೆಯ ಮುಂದೆ ನಿಂತು ಇಲ್ಲದವಳ ಹಾಗೆ ಇರುತ್ತೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವುದನ್ನು ಸಾಂಗಲಿಯಲ್ಲಿ ಯಾರೂ ನಿನಗೆ ಕಲಿಸಿರಲಾರರು ಎಂದು ನಂಬಿ ಇದನ್ನು ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಸಹಿ ಮಾಡಿ ತೆಗೆದುಕೋ, ಕೂತು ಓದು, ಆಮೇಲೆ ಬೇಕಾದರೆ ಹರಿ.

ನಮ್ಮ ಕಡೆ ಎಲ್ಲರೂ ಆರಾಮ. ಇವರು ಎಂದಿನ ಹಾಗೆ, ಏನು ಕೇಳಿದರೂ ಬಿಟ್ಟುಬಿಡು ಅನ್ನುತ್ತಾರೆ. ಮಗಳು ಸಾನ್ವಿ ಪಿಯುಸಿ ಎರಡನೇ ವರ್ಷ. ಅವ್ವನೂ ಆರಾಮ. ಎಪ್ಪತ್ತೆಂಟು ವರ್ಷಕ್ಕೆ ಎರಡು ರೊಟ್ಟಿ ಅರಗಿಸುತ್ತಾಳೆ, ಪುಂಡಿಪಲ್ಯ ಇದ್ದ ದಿನ ಮೂರು. ಎಡಗಣ್ಣಿನ ಪೊರೆ ತೆಗೆಸಿದೆವು, ಬಲಗಣ್ಣಿಗೆ ದೀಪಾವಳಿ ಕಳೆಯಲಿ ಎಂದಿದ್ದಾರೆ. ಆದರೆ ಒಂದು ಮಾತನ್ನು ರತ್ನವ್ವ ನಿನಗೆ ಹೇಳಿರಲಾರಳು, ಯಾಕೆಂದರೆ ಅವಳ ಮುಂದೆ ಅದು ನಡೆಯುವುದಿಲ್ಲ. ನಾನು ಕಸ ಹೊಡೆಯಲು ಅವ್ವನ ಕೋಣೆಗೆ ಹೋದೆನೆಂದರೆ ಅವಳು ಕೊರಳಿನ ಬಂಗಾರದ ಬೋರಮಾಳ ತೆಗೆದು ಸೆರಗಿನಲ್ಲಿ ಗಂಟು ಕಟ್ಟಿಕೊಳ್ಳುತ್ತಾಳೆ. ನಾನು ಹೊರಗೆ ಬಂದ ಮೇಲೆ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾಳೆ. ಬೈಯುವುದಿಲ್ಲ, ಮಾತು ಬಿಟ್ಟಿಲ್ಲ. ತಲೆ ಬಾಚುತ್ತೇನೆಂದರೆ ಸುಮ್ಮನೆ ಕೂಡುತ್ತಾಳೆ, ಒಂದು ಕೈ ಮಾತ್ರ ಆ ಗಂಟಿನ ಮೇಲೆ. ಅಣ್ಣಾ, ನಾನು ಹಾಕಿದ್ದನ್ನು ಉಣ್ಣುವ ನನ್ನ ತಾಯಿ ನನ್ನನ್ನು ಕಳ್ಳಿ ಎಂದು ತಿಳಿದಿದ್ದಾಳೆ. ಹಾಗೆ ತಿಳಿದುಕೊಂಡೇ ಅವಳು ಒಂದು ದಿನ ಹೋಗಿಬಿಡುತ್ತಾಳೆ ಎಂಬುದೇ ನನ್ನ ಭಯ. ಈ ಪತ್ರ ಅದಕ್ಕೆ. ಬೇರೆ ಯಾವುದಕ್ಕೂ ನಿನಗೆ ಬರೆಯುವಷ್ಟು ಹಗುರ ಮನಸ್ಸು ನನಗಿಲ್ಲ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀನು ಬೀಗರ ಮನೆಗಳಲ್ಲೆಲ್ಲ ಇದನ್ನು ಕೊನೆಯಿಂದಲೇ ಹೇಳುತ್ತ ಬಂದಿದ್ದೀ. ಅಪ್ಪನ ಕೆಲಸ ಪೆಂಡಾಲು ಮತ್ತು ಮಳಿಗೆ ಹಾಕುವುದು. ಹುಬ್ಬಳ್ಳಿ-ಧಾರವಾಡದಲ್ಲಿ ಪ್ರದರ್ಶನವಿರಲಿ, ಸಮ್ಮೇಳನವಿರಲಿ, ಕುಸ್ತಿ ಇರಲಿ, ಉಳಿ ಸುತ್ತಿಗೆ ಹಿಡಿದು ಗುರುಶಿದ್ದಪ್ಪ ಬಂದರೇ ಕಟ್ಟಿಗೆಗೆ ನೆಟ್ಟಗೆ ನಿಲ್ಲಬೇಕು ಅನ್ನಿಸುತ್ತಿತ್ತು. ಕೆಲಸ ಮುಗಿದ ದಿನ ಸಂಘಟಕರು ತಮ್ಮ ಕಾರ್ಯಕರ್ತರಿಗೆ ಹಂಚಿ ಉಳಿದ ಬಿಲ್ಲೆಯೊಂದನ್ನು ಅಪ್ಪನ ಕೋಟಿಗೂ ಚುಚ್ಚಿ ಕಳಿಸುತ್ತಿದ್ದರು. ರಷ್ಯಾದ ಪುಸ್ತಕ ಪ್ರದರ್ಶನ ಬಂದ ವರ್ಷಗಳಲ್ಲಂತೂ ಮುಷ್ಟಿಗಟ್ಟಲೆ ತರುತ್ತಿದ್ದ. ನಕ್ಷತ್ರ, ರಾಕೆಟ್ಟು, ಕರಡಿಮರಿ, ಗಡ್ಡದ ಮುದುಕರು. ಸಾಗವಾನಿಯ ತುಂಡುಗಳಿಂದ ಅರೆಗಳಿದ್ದ ಪೆಟ್ಟಿಗೆ ಮಾಡಿ, ಮೇಜಿನ ಹಸಿರು ಬಟ್ಟೆ ಹಾಸಿ ಸಾಲಾಗಿ ಚುಚ್ಚಿಟ್ಟ. ಆಯುಧಪೂಜೆಗೆ ಉಳಿ, ಕರಗಸದ ಪಕ್ಕ ಆ ಪೆಟ್ಟಿಗೆಯೂ ಕೂಡುತ್ತಿತ್ತು, ಹಿಂದಿನ ದಿನ ಅವ್ವ ಅವಷ್ಟನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದಳು. ಬಂದವರಿಗೆಲ್ಲ ಅಪ್ಪ ಅದನ್ನು ತೆರೆದು ತೋರಿಸಿ ಇವು ನನ್ನ ಬಂಗಾರ ಅನ್ನುತ್ತಿದ್ದ. ಅಪ್ಪನಿಗೆ ಯಾವುದು ಬಂಗಾರವಾಗಿರಲಿಲ್ಲ ಹೇಳು? ಗಂಟಿಲ್ಲದ ಹಲಗೆ ಬಂಗಾರ, ಹದವಾದ ಝುಣಕ ಬಂಗಾರ, ಪರೀಕ್ಷೆಯಲ್ಲಿ ನಪಾಸಾಗಿ ಬಂದ ನೀನೂ ಬಂಗಾರ. ಆದರೆ ಅವ್ವನಿಗೆ ಬಂಗಾರವೆಂದರೆ ಪತ್ತಾರನ ತಕ್ಕಡಿಯಲ್ಲಿ ತೂಗುವುದು ಮಾತ್ರ. ಅವಳು ಆ ಮಾತನ್ನು ಹಾಗೆಯೇ ಹಿಡಿದುಕೊಂಡಳು.

ಅಪ್ಪ ನನ್ನ ಮನೆಯಲ್ಲಿ ಮಲಗಿ ನನ್ನ ಮನೆಯಲ್ಲೇ ತೀರಿಕೊಂಡ. ಪೆಟ್ಟಿಗೆ ಒಂದು ವರ್ಷ ನಮ್ಮ ಅಟ್ಟದ ಮೇಲಿತ್ತು. ವರ್ಷದ ಕಾರ್ಯ ಮುಗಿದ ಮರುದಿನ ನೀನು ಅದನ್ನು ಇಳಿಸಿ ಹಂಚೋಣ ಎಂದೆ. ಒಂದನ್ನು ತಿರುಗಿಸಿ ನೋಡಿದವನು ಇನ್ನೊಂದನ್ನು ತಿರುಗಿಸಿದೆ, ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ. ಬಿಲ್ಲೆಯ ಬೆನ್ನ ಮೇಲೆ ಬಾಲವಿದ್ದ ಯು ಅಕ್ಷರ, ಆಮೇಲೆ ಇಪ್ಪತ್ತು, ಆಮೇಲೆ ಕೆ. ಯು ಎಂದರೆ ಯುಎಸ್ಸೆಸ್ಸಾರ್, ಇಪ್ಪತ್ತು ಕೆ ಎಂದರೆ ಇಪ್ಪತ್ತು ಕ್ಯಾರೆಟ್, ಅಪ್ಪ ಸುಮ್ಮನೆ ಬಂಗಾರ ಅನ್ನುತ್ತಿರಲಿಲ್ಲ ಎಂದು ನೀನೇ ಓದಿ ನೀನೇ ಅರ್ಥ ಹೇಳಿದೆ. ವೈನಿ ಪಾಪ ಅಂಗೈಯಲ್ಲಿಟ್ಟುಕೊಂಡು ಬಹಳ ಹಗುರ ಇದೆಯಲ್ಲ ಎಂದರು. ರಷ್ಯಾದ ಬಂಗಾರ ಹಾಗೇ ಇರುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ. ಗಂಡುಮಗನೆಂದು ಕೆ ಇದ್ದ ಮೂವತ್ತೊಂದನ್ನು ನೀನಿಟ್ಟುಕೊಂಡು, ತಗಡಿನವು ನಿನಗೆ ಎಂದು ಉಳಿದ ಅರವತ್ತೆಂಟನ್ನು ನನ್ನ ಕಡೆ ಸರಿಸಿದೆ. ನಾನು ಬೇಡ ಅನ್ನಲಿಲ್ಲ, ಅಪ್ಪನ ಕೈ ಆಡಿದ್ದು ಯಾವುದಾದರೂ ನನಗೆ ನಡೆಯುತ್ತಿತ್ತು. ಪಟ್ಟಿಯನ್ನು ನನ್ನ ಕೈಯಿಂದಲೇ ಬರೆಸಿದೆ. ಆ ಪಟ್ಟಿ ನನ್ನ ಹತ್ತಿರ ಇದೆ. ಹದಿನೈದು ಕೆ ಒಂಬತ್ತು, ಇಪ್ಪತ್ತು ಕೆ ಹದಿನಾಲ್ಕು, ಇಪ್ಪತ್ತೈದು ಕೆ ಏಳು, ಮೂವತ್ತು ಕೆ ಒಂದು. ಮೂವತ್ತು ಕ್ಯಾರೆಟ್, ಅಣ್ಣಾ. ನಮ್ಮ ಓಣಿಯ ಯಾವ ಹೆಂಗಸನ್ನು ಕೇಳಿದರೂ ಬಂಗಾರ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ ಅನ್ನುತ್ತಾಳೆ. ನೀನು ಹೇಳಿದೆ, ನಾನು ಬರೆದೆ, ಅವ್ವ ಕೈಮುಗಿದಳು, ಒಬ್ಬರಿಗೂ ಹೊಳೆಯಲಿಲ್ಲ. ಆಸೆಯಲ್ಲಿ ನಾನೂ ಇದ್ದೆನೋ ಏನೋ.

ಐದು ತಿಂಗಳಿಗೆ ನಾಗರ ಪಂಚಮಿ ಬಂತು. ತಂಗಿಯನ್ನು ಕರೆಯಲು ಅಣ್ಣ ಬಂದನೆಂದು ನಾನು ಶೇಂಗಾ ಉಂಡಿ ತಾಟಿನಲ್ಲಿ ಹಾಕಿ ತಂದೆ. ನೀನು ಆ ತಾಟಿನ ಪಕ್ಕದಲ್ಲಿ ಮೂವತ್ತೊಂದು ಬಿಲ್ಲೆಗಳನ್ನು ಸುರುವಿದೆ. ಸಾಂಗಲಿಯ ಪತ್ತಾರ ಒರೆಗೆ ಹಚ್ಚಿ ನೋಡಿ ನಕ್ಕಿದ್ದನಂತೆ. ಅವನು ನಕ್ಕದ್ದಕ್ಕೆ ನನಗೆ ಶಿಕ್ಷೆ. "ನಿನ್ನ ಫ್ಯಾಕ್ಟರ್ಯಾಗ ಅಚ್ಚ ಹೊಡಿಸಿ ಬದಲ ಇಟ್ಟಿ. ಅಪ್ಪನ ಬಂಗಾರ ಎಲ್ಲಿ ಹ್ವಾದ್ವು, ಅದನ್ನಷ್ಟ ಹೇಳು" ಎಂದೆ. ನಾನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್ ಭಾಗಗಳ ತಪಾಸಣೆ ಮಾಡುವವಳು. ದಿನಕ್ಕೆ ಎರಡು ಸಾವಿರ ವಾಷರುಗಳ ಅಂಚು ನೋಡಿ ಕೆಟ್ಟದ್ದನ್ನು ಕೆಂಪು ಟ್ರೇಗೆ ಹಾಕುವುದು ನನ್ನ ಕೆಲಸ. ಒಂದು ಅಚ್ಚು ಮಾಡಿಸುವುದೆಂದರೆ ಶಂಕರಪೋಳಿ ಕತ್ತರಿಸಿದ ಹಾಗಲ್ಲ, ವಾರಗಟ್ಟಲೆ ಹಿಡಿಯುತ್ತದೆ, ಮೂವತ್ತೊಂದು ಅಚ್ಚಿಗೆ ಕಾರ್ಖಾನೆಯನ್ನೇ ಮಾರಬೇಕು, ಗೇಟಿನಲ್ಲಿ ನಮ್ಮ ಬುತ್ತಿಯ ಡಬ್ಬಿಯನ್ನೂ ತೆರೆಸುತ್ತಾರೆ. ಇದನ್ನೆಲ್ಲ ಹೇಳಬೇಕಿತ್ತು. ನೀನು ಬಿಲ್ಲೆಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು, ಉಂಡಿ ಮುಟ್ಟದೆ ಹೋದೆ. ಅವ್ವ ಆ ಸಂಜೆಯೇ ಮೊದಲ ಸಲ ಬೋರಮಾಳವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.

ಆಮೇಲೆ ನಾನು ಬಿಲ್ಲೆಗಳನ್ನು ಕಲಿಯಲು ಹೊರಟೆ. ಹಠದಿಂದ. ದುರ್ಗದ ಬೈಲಿನ ಹಿಂದಿನ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವ ಇಸ್ತಿಯಾಕ ಎಂಬ ಹಿರಿಯರಿದ್ದಾರೆ, ಹಳೆಯ ನಾಣ್ಯ, ಪದಕ, ಬಿಲ್ಲೆಗಳ ವ್ಯಾಪಾರವೂ ಉಂಟು. ನನ್ನ ಪಾಲಿನ ತಗಡುಗಳನ್ನು ಕೊಂಡುಹೋಗಿ ಬೆಲೆ ಹೇಳಿ ಎಂದೆ. ಅವರು ಬೆಲೆ ಹೇಳಲಿಲ್ಲ. "ಮೊದಲ ಬೆನ್ನ ನೋಡ್ರಿ ಅಕ್ಕಾರ, ಮುಖಾ ಆಮ್ಯಾಲ ನೋಡೂಣು" ಎಂದು ಕಣ್ಣಿಗೆ ಹಾಕುವ ತಮ್ಮ ಭೂತಗನ್ನಡಿ ಕೊಟ್ಟರು. ತಿಂಗಳಿಗೆ ಎರಡು ರವಿವಾರ, ಎರಡೂವರೆ ವರ್ಷ ಹೋದೆ. ಸೂಜಿಯನ್ನು ಬೆಸುಗೆ ಹಾಕಿದ್ದಾರೋ, ತಗಡು ಮಡಚಿ ಹಿಡಿಸಿದ್ದಾರೋ ಎನ್ನುವುದರಿಂದ ಕಾಲ ತಿಳಿಯುತ್ತದೆ. ಅಚ್ಚಿನಲ್ಲಿ ಒತ್ತಿದ್ದರ ಅಕ್ಷರ ಚೂಪಾಗಿರುತ್ತದೆ. ಒತ್ತಿದ್ದನ್ನು ನೋಡಿ ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಅಂಚು ಕರಗಿರುತ್ತದೆ, ಸೂಜಿಮೊನೆಯಷ್ಟು ಗುಳಿ ಬಿದ್ದಿರುತ್ತವೆ. ಇದು ನನಗೆ ಬೇಗ ಬಂತು, ಅಂಚು ನೋಡಿಯೇ ಹೊಟ್ಟೆ ಹೊರೆಯುವವಳು ನಾನು. ಬಣ್ಣ ಗಾಜನ್ನು ಕರಗಿಸಿ ಹಚ್ಚಿದ ಮೀನಾ ಆಗಿದ್ದರೆ ತುಟಿಗೆ ತಾಗಿಸಿದಾಗ ತಣ್ಣಗೆ ಹತ್ತುತ್ತದೆ, ಬರೀ ಬಣ್ಣವಾದರೆ ಹತ್ತುವುದಿಲ್ಲ. ನಾನು ತಾಟು ತುಂಬ ಬಿಲ್ಲೆ ಇಟ್ಟುಕೊಂಡು ಒಂದೊಂದನ್ನೇ ತುಟಿಗೆ ಹಿಡಿಯುವುದನ್ನು ನೋಡಿ ಇವರು ನನಗೆ ಹುಚ್ಚು ಹಿಡಿಯಿತೆಂದೇ ತಿಳಿದರು. ಇನ್ನು ಬೆಲೆ. ಎಷ್ಟು ಹಳೆಯದು ಎನ್ನುವುದರ ಮೇಲೆ ಅದು ನಿಂತಿಲ್ಲ. ಎಷ್ಟು ಮಾಡಿಸಿದ್ದರು, ಎಷ್ಟು ಉಳಿದಿವೆ, ಯಾರಿಗೆ ಬೇಕಾಗಿದೆ, ಯಾರೂ ತಿಕ್ಕದೆ ಬಿಟ್ಟಿದ್ದಾರೋ ಎನ್ನುವುದನ್ನೆಲ್ಲ ನೋಡಬೇಕು. ಅವ್ವನ ಹುಣಸೆಹಣ್ಣಿನ ಮಾತು ಹೇಳಿದಾಗ ಇಸ್ತಿಯಾಕರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಅಪ್ಪನ ಭಕ್ತಿಯಿಂದಲೇ ಅರ್ಧಕ್ಕರ್ಧ ಬಿಲ್ಲೆಗಳ ಮೇಲಿನ ಹೊಳಪಿನ ಲೇಪ ಹೋಗಿದೆ.

ಕೆ ಎಂಬುದರ ಗುಟ್ಟು ಮಾತ್ರ ಬಹಳ ದಿನ ಹೊರಬೀಳಲಿಲ್ಲ, ಯಾಕೆಂದರೆ ಕೆ ಇದ್ದವೆಲ್ಲ ನಿನ್ನ ಹತ್ತಿರ. ಹೋದ ಫೆಬ್ರುವರಿಯಲ್ಲಿ ಗದಗಿನಿಂದ ಯಾರೋ ಒಂದು ಚೀಲ ತಂದು ಅವರ ಅಂಗಡಿಯಲ್ಲಿ ಸುರುವಿದರು. ನಮ್ಮ ಕರಡಿಮರಿಯಂಥದೇ ಒಂದು ಅದರಲ್ಲಿತ್ತು. ತಿರುಗಿಸಿದೆ. ಅದೇ ಯು, ಅದೇ ಇಪ್ಪತ್ತು, ಅದೇ ಕೆ. ಇದು ಎಷ್ಟು ಕ್ಯಾರೆಟ್ ಎಂದು ಕೇಳಿದೆ. ಅವರು ನಗಲಿಲ್ಲ, ಅದಕ್ಕೆ ಅವರ ಋಣ ನನ್ನ ಮೇಲಿದೆ. "ಕ್ಯಾರೆಟ್ ಅಲ್ರಿ ಅಕ್ಕಾರ, ಕೊಪೆಕ್. ನಮ್ಮ ಪೈಸಾ ಇದ್ದಂಗ ಅವರದು. ಇಪ್ಪತ್ತ ಪೈಸಾದ ಮಾಲು ಅಂತ ಬೆನ್ನಿಗೇ ಹೊಡದಾರ" ಎಂದರು. ಆ ಬಾಲವಿದ್ದ ಯು ಅವರ ಭಾಷೆಯಲ್ಲಿ ಬೆಲೆ ಎನ್ನುವ ಮಾತಿನ ಮೊದಲ ಅಕ್ಷರವಂತೆ. ಬಿಲ್ಲೆ ಅಲ್ಯುಮಿನಿಯಮ್ಮಿನದು, ಮೇಲೆ ಹಳದಿ ಬಣ್ಣ. ಲಕ್ಷಗಟ್ಟಲೆ ಒತ್ತಿದ್ದರಿಂದ ಇವತ್ತಿಗೂ ಅದಕ್ಕೆ ಹೇಳಿಕೊಳ್ಳುವ ಬೆಲೆಯಿಲ್ಲ. ಅಂಗಡಿಯಲ್ಲಿ ಮಕ್ಕಳು ಕೊಳ್ಳಲೆಂದು ಬೆನ್ನ ಮೇಲೆ ಬೆಲೆ ಒತ್ತಿದ ಆಟಿಗೆಯ ಸಲುವಾಗಿ ನೀನು ನನ್ನನ್ನು ತಾಯಿಯ ಕಣ್ಣಲ್ಲಿ ಕಳ್ಳಿ ಮಾಡಿದೆಯಲ್ಲ ಎಂದು ಮೈ ಉರಿಯಿತು. ಇನ್ನೊಂದು ಕೇಳು. ನೀನು ತಗಡು ಎಂದು ನನ್ನ ಕಡೆ ಸರಿಸಿದ್ದರಲ್ಲಿ ನಾಲ್ಕು ಹಳೆಯ ಗಾಜಿನ ಮೀನಾದವು. ಅವುಗಳಲ್ಲಿ ಒಂದೊಂದಕ್ಕೂ ನಿನ್ನ ಮೂವತ್ತೊಂದರ ಹತ್ತು ಪಟ್ಟು ಬರುತ್ತದೆ. ನಾನು ಮಾರಿಲ್ಲ. ನಿನ್ನವುಗಳ ಬೆಲೆಯನ್ನೂ ಪ್ರಾಮಾಣಿಕವಾಗಿ ಕಟ್ಟಿ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಪತ್ತಾರ ಒರೆಗೆ ಉಜ್ಜಿ ಗೀರಿದ್ದನ್ನು ಕಳೆದು.

ಇದನ್ನೆಲ್ಲ ಅವ್ವನಿಗೆ ಹೇಳಲಿಲ್ಲವೇ ಎಂದು ಕೇಳುತ್ತೀಯೇನೋ. ಹೇಳಿದೆ. ಅದೇ ದಿನ ಓಡಿ ಬಂದು, ಎದುರಿಗೆ ಕೂತು, ಗದಗಿನ ಕರಡಿಮರಿಯನ್ನು ಅವಳ ಕೈಯಲ್ಲಿಟ್ಟು ಬೆನ್ನು, ಅಂಚು, ಅಚ್ಚು, ಕೊಪೆಕ್ ಎಲ್ಲವನ್ನೂ ಹೇಳಿದೆ. ಅವ್ವ ಕೊನೆಯವರೆಗೂ ಕೇಳಿದಳು. "ಇಷ್ಟೆಲ್ಲಾ ತಿಳದಾಕಿಗೆ ಬದಲ ಮಾಡಿ ಇಡಾಕ ಬರೂದಿಲ್ಲೇನವಾ?" ಎಂದಳು. ಸಿಟ್ಟಿನಿಂದಲ್ಲ, ಬೇಸರದಿಂದ. ನಾನು ಕಲಿತದ್ದೇ ನನ್ನ ಮೇಲೆ ಸಾಕ್ಷಿಯಾಯಿತು.

ಅವ್ವ ಹಾಗೆ ತಿಳಿಯಲು ಇನ್ನೊಂದು ಕಾರಣವಿದೆ. ಅದನ್ನು ಮುಚ್ಚಿಟ್ಟು ನಿನಗೆ ಬುದ್ಧಿ ಹೇಳಿದರೆ ನಾನೂ ನಿನ್ನಂಥವಳೇ ಆಗುತ್ತೇನೆ. ಅಪ್ಪ ತೀರಿಕೊಂಡ ಬೆಳಿಗ್ಗೆ, ಮೈ ತೊಳೆಯಲು ಕೋಟು ಬಿಚ್ಚಿದಾಗ, ಅದರ ಮೇಲಿದ್ದ ಬಿಲ್ಲೆಯನ್ನು ನಾನು ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡೆ. ಯಾವುದೋ ಕುಸ್ತಿ ಪಂದ್ಯದ್ದು, ಬಿಳಿ ಬಣ್ಣ ಅರ್ಧ ಹಾರಿಹೋದದ್ದು, ಯಾರೂ ಕೊಳ್ಳದಂಥದು. ಅವ್ವ ಅದನ್ನು ನೋಡಿದ್ದಳು. ಹಂಚುವ ದಿನ ಇದರೊಳಗಿಂದ ಏನಾದರೂ ತೆಗೆದಿದ್ದೀಯಾ ಎಂದು ನೀನು ಕೇಳಿದಾಗ ನಾನು ಒಂದು ಗಳಿಗೆ ತಡೆದು ಇಲ್ಲ ಎಂದೆ, ಪೆಟ್ಟಿಗೆಯೊಳಗಿಂದ ತೆಗೆದಿರಲಿಲ್ಲವಲ್ಲ. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಆ ಒಂದು ಗಳಿಗೆಯನ್ನು ಅವಳು ಮರೆತಿಲ್ಲ. ಅದನ್ನು ಕಳವು ಅನ್ನುವುದಾದರೆ ಅನ್ನು, ಒಪ್ಪುತ್ತೇನೆ, ಆದರೆ ತಿರುಗಿ ಕೊಡುವುದಿಲ್ಲ.

ಈಗ ನಿನ್ನ ಪಾಲಿನ ಕೆಲಸ. ನನ್ನ ಮಾತು ಅವ್ವನ ಹತ್ತಿರ ನಡೆಯುವುದಿಲ್ಲ, ನಿನ್ನದು ನಡೆಯುತ್ತದೆ. ನೀನು ಮೂರು ವರ್ಷದಲ್ಲಿ ಒಂದು ಹೊತ್ತು ಅವಳಿಗೆ ಗಂಜಿ ಕುಡಿಸಿಲ್ಲ, ಆದರೂ ಮಗ ಹೇಳಿದ್ದೆಂದರೆ ಮುಗಿಯಿತು. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ತಿಳಿದೇ ಬರೆಯುತ್ತಿದ್ದೇನೆ. ಬರುವ ರವಿವಾರ ರತ್ನವ್ವನ ಫೋನಿಗೆ ಮಾಡಿದಾಗ ಒಂದೇ ಮಾತು ಹೇಳು, ಸುಕನ್ಯಾ ತೆಗೆದುಕೊಂಡಿಲ್ಲ ಎಂದು. ನನ್ನ ಹತ್ತಿರ ಮಾತಾಡುವುದು ಬೇಡ. ಬೀಗರ ಮುಂದೆ ಹೇಳಿದ್ದನ್ನು ತಿರುಗಿಸಿ ಹೇಳುವುದೂ ಬೇಡ. ಯಾವ ಮದುವೆಗೆ ಹೋದರೂ ನನ್ನನ್ನು ನೋಡಿ ಹೆಂಗಸರು ತಮ್ಮ ಒಡವೆಯ ಪರ್ಸನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ, ಅದು ನನಗೆ ರೂಢಿಯಾಗಿದೆ. ಅವ್ವನದು ಮಾತ್ರ ರೂಢಿಯಾಗುತ್ತಿಲ್ಲ.

ವೈನಿಗೆ ನನ್ನ ನಮಸ್ಕಾರ. ಅಂದು ಹಗುರ ಇದೆ ಎಂದವರು ಅವರೊಬ್ಬರೇ, ಅವರ ಮಾತು ಕೇಳುವುದನ್ನು ಕಲಿ. ಮಕ್ಕಳಿಗೆ ಅತ್ತೆಯ ಆಶೀರ್ವಾದ, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಪೇಢಾ ಕಡಿಮೆ ಮಾಡು.

ನಿನ್ನ ತಂಗಿ,
ಸುಕನ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವುದರೊಳಗೆ ಅವ್ವ ನಿದ್ದೆಯಿಂದ ಎದ್ದಳು. ಚಹಾ ಕೊಟ್ಟೆ. ಬರುವ ರವಿವಾರದವರೆಗೆ ತಡೆಯುವ ತಾಳ್ಮೆ ನನಗೆ ಉಳಿದಿರಲಿಲ್ಲ. ಸುಳ್ಳು ಹೇಳಿಬಿಟ್ಟೆ. ಅವ್ವಾ, ನೀನು ಮಲಗಿದ್ದಾಗ ರತ್ನವ್ವನ ಫೋನಿಗೆ ಅಣ್ಣ ಮಾಡಿದ್ದ, ಸುಕನ್ಯಾ ತೆಗೆದುಕೊಂಡಿಲ್ಲ ಎಂದು ಹೇಳಿದ ಎಂದೆ. ಅವ್ವನ ಕಣ್ಣು ತುಂಬಿ ಬಂತು. ನನ್ನ ಸಲುವಾಗಿ ಎಂದು ತಿಳಿದು ನಾನು ಅವಳ ಕೈ ಹಿಡಿದೆ. ಅವಳು ಅಂದದ್ದು ಇದು: "ನೋಡವಾ, ತಂಗಿ ಮಾನಾ ಕಾಯಾಕ ಸುಳ್ಳ ಸೈತ ಹೇಳಿದ ನನ್ನ ಮಗ. ಅಂಥಾ ದೊಡ್ಡ ಮನಸ ಅವಂದು. ಇನ್ನರ ಅವನ ಬಂಗಾರ ಅವಗ ಕೊಟ್ಟಬಿಡು." ಅದಕ್ಕೇ ಮೇಲೆ ನಾನು ಕೇಳಿದ್ದನ್ನು ಮಾಡಬೇಡ, ರವಿವಾರ ಆ ಮಾತು ಆಡಬೇಡ. ಆಡಿದರೆ ನೀನು ಇನ್ನೂ ದೊಡ್ಡವನಾಗುತ್ತೀ, ನಾನು ಇದ್ದಲ್ಲೇ ಇರುತ್ತೇನೆ. ಇಪ್ಪತ್ತೊಂಬತ್ತಕ್ಕೆ, ಮಂಗಳವಾರ, ಪಂಚಮಿ ಇದೆ. ನೀನೇ ಬಾ. ಅವಳ ಎದುರಿಗೆ ಕೂತು "ಅವ್ವಾ, ನಾ ತಪ್ಪ ಓದಿದ್ನಿ" ಅನ್ನು. ಅಷ್ಟೇ ಅನ್ನು. ಆ ಮಾತಿನಲ್ಲಿ ನನ್ನ ಹೆಸರು ಬರುವುದು ಬೇಡ.